ಬಿ.ಎಡ್. ಇದ್ದೂ ಇಲ್ಲಿ ಮತ್ತೆ ಓದಬೇಕೇ ಎಂದು ಕೇಳಿದ ಸಹೋದರಿಗೆ

ಫ್ರೀಮಾಂಟಿಗೆ ಬಂದು ಎಂಟು ತಿಂಗಳಾಯಿತೆಂದೂ, ಮಾನಸಗಂಗೋತ್ರಿಯಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿ ಎರಡು ವರ್ಷದ ಬಿ.ಎಡ್. ಮಾಡಿ ಹಾಸನದ ಪ್ರೌಢಶಾಲೆಯೊಂದರಲ್ಲಿ ಆರು ವರ್ಷ ಪಾಠ ಹೇಳಿದ್ದೀರೆಂದೂ, ಈಗ ಯಜಮಾನರ ಎಚ್-1ಬಿ ಕೆಲಸದ ವೀಸಾದ ಆಧಾರದಲ್ಲಿ ಅವಲಂಬಿತರಿಗೆ ಕೊಡುವ ಎಚ್-4 ವೀಸಾದ ಮೇಲೆ ಇದ್ದೀರೆಂದೂ ಬರೆದಿದ್ದೀರಿ. ಇಷ್ಟೆಲ್ಲ ಓದಿದವಳು ಕ್ಯಾಲಿಫೋರ್ನಿಯಾದಲ್ಲಿ ಶಿಕ್ಷಕಿಯಾಗಲು ಮತ್ತೆ ಹಣ ಕಟ್ಟಿ ವಿಶ್ವವಿದ್ಯಾಲಯಕ್ಕೆ ಹೋಗಬೇಕೇ, ಇರುವ ಕಾಗದಗಳ ಮೇಲೆಯೇ ಲೈಸೆನ್ಸ್ ಸಿಗುವುದಿಲ್ಲವೇ, ನನ್ನ ಇಂಗ್ಲಿಷ್ ಉಚ್ಚಾರಣೆ ಇಲ್ಲಿನ ಮಕ್ಕಳಿಗೆ ಅರ್ಥವಾದೀತೇ ಎಂಬ ನಿಮ್ಮ ಮೂರು ಪ್ರಶ್ನೆಗಳಿಗೆ ನನಗೆ ತಿಳಿದಷ್ಟನ್ನು ಬರೆಯುತ್ತೇನೆ. ಶಿವಮೊಗ್ಗ ಜಿಲ್ಲೆಯಿಂದ ಬಂದ ನಾನು ಇದೇ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಸರ್ಕಾರಿ ಹೈಸ್ಕೂಲೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಗಣಿತ ಕಲಿಸುತ್ತಿದ್ದೇನೆ. ನೀವು ನಿಂತಿರುವ ಜಾಗದಲ್ಲಿಯೇ ಒಮ್ಮೆ ನಿಂತಿದ್ದೆ.

ಮೊದಲು ನೇರ ಉತ್ತರ. ಇಲ್ಲಿ ಶಿಕ್ಷಕರಿಗೆ ಪರವಾನಗಿ ಕೊಡುವುದು ರಾಜ್ಯ. ಕ್ಯಾಲಿಫೋರ್ನಿಯಾದಲ್ಲಿ ಆ ಕೆಲಸ ಸ್ಯಾಕ್ರಮೆಂಟೊದಲ್ಲಿರುವ ಕಮಿಷನ್ ಆನ್ ಟೀಚರ್ ಕ್ರೆಡೆನ್ಷಿಯಲಿಂಗ್ ಎಂಬ ಸಂಸ್ಥೆಯದು, ಪರವಾನಗಿಗೆ ಎಲ್ಲರೂ ಕ್ರೆಡೆನ್ಷಿಯಲ್ ಎನ್ನುತ್ತಾರೆ. ಹೊರದೇಶದಲ್ಲಿ ಶಿಕ್ಷಕ ತರಬೇತಿ ಪಡೆದವರು ಕಮಿಷನ್ ಒಪ್ಪಿದ ಸಂಸ್ಥೆಯೊಂದರಿಂದ ತಮ್ಮ ಪದವಿಗಳ ಮೌಲ್ಯಮಾಪನ ಮಾಡಿಸಿ, ಅವು ಇಲ್ಲಿನ ಪದವಿಗೂ ಶಿಕ್ಷಕ ತರಬೇತಿಗೂ ಸಮವೆಂದು ತೋರಿಸಿ, ನೇರವಾಗಿ ಅರ್ಜಿ ಹಾಕುವ ದಾರಿ ಇದೆ. ಇನ್ನೊಂದು ದಾರಿಯೆಂದರೆ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪದವಿಯ ನಂತರದ ಕ್ರೆಡೆನ್ಷಿಯಲ್ ಪ್ರೋಗ್ರಾಂ ಸೇರುವುದು. ಸ್ಯಾನ್ ಹೊಸೆ ಸ್ಟೇಟ್‌ನಲ್ಲಿಯೂ ಹೇವರ್ಡ್‌ನ ಕ್ಯಾಲ್ ಸ್ಟೇಟ್ ಈಸ್ಟ್ ಬೇಯಲ್ಲಿಯೂ ಇದು ನಡೆಯುತ್ತದೆ. ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೆಪ್ ಎಂಬ ಒಂದು ವರ್ಷದ ಕಾರ್ಯಕ್ರಮದಲ್ಲಿ ಎಂ.ಎ. ಪದವಿಯೂ ಕ್ರೆಡೆನ್ಷಿಯಲ್ಲೂ ಒಟ್ಟಿಗೆ ಸಿಗುತ್ತವೆ. ಎರಡು ದಾರಿಗಳಲ್ಲಿ ಹತ್ತಿರದ್ದು ಮೊದಲನೆಯದು. ಆದರೂ ನಿಮಗೆ ಅನುಕೂಲವಿದ್ದರೆ ಎರಡನೆಯದನ್ನೇ ಹಿಡಿಯಿರಿ ಎಂದು ನಾನು ಒತ್ತಿ ಹೇಳುತ್ತೇನೆ. ಅದಕ್ಕೆ ಕಾರಣ ಕಾಗದದಲ್ಲಿಲ್ಲ, ತರಗತಿಯಲ್ಲಿದೆ.

ಈ ಕಾರ್ಯಕ್ರಮಗಳ ಜೀವಾಳ ಸ್ಟೂಡೆಂಟ್ ಟೀಚಿಂಗ್. ರಾಜ್ಯದ ನಿಯಮದ ಪ್ರಕಾರ ಅಭ್ಯರ್ಥಿಯು ಕನಿಷ್ಠ 600 ಗಂಟೆಗಳ ಕ್ಷೇತ್ರಾನುಭವ ಪಡೆಯಬೇಕು. ನನ್ನ ಕಾಲದ ಒಂದು ವರ್ಷದ ಬಿ.ಎಡ್.ನಲ್ಲಿ ನಾವು ಪಾಠಯೋಜನೆಯನ್ನು ಅಂದವಾಗಿ ಬರೆದು, ಚಾರ್ಟು ತೂಗುಹಾಕಿ, ಹಿಂದೆ ಕೂತ ಉಪನ್ಯಾಸಕರಿಂದ ಸಹಿ ಹಾಕಿಸಿಕೊಂಡು ನಿಗದಿತ ಸಂಖ್ಯೆಯ ಪಾಠಗಳನ್ನು ಮುಗಿಸುತ್ತಿದ್ದೆವು. ಇಲ್ಲಿ ಅನುಭವಿ ಶಿಕ್ಷಕಿಯೊಬ್ಬರ ತರಗತಿಯಲ್ಲಿ ತಿಂಗಳುಗಟ್ಟಲೆ ಅವರ ಜೊತೆಗಿದ್ದು, ಮೊದಲು ನೋಡಿ, ಆಮೇಲೆ ಒಂದು ಗುಂಪನ್ನು ನೋಡಿಕೊಂಡು, ಕೊನೆಗೆ ಇಡೀ ತರಗತಿಯ ಹೊಣೆ ಹೊರಬೇಕು.

ಏಳನೆಯ ತರಗತಿಯ ಮಕ್ಕಳೊಂದಿಗೆ ನನ್ನ ಮೊದಲ ವಾರದಲ್ಲಿ ನಡೆದದ್ದನ್ನು ಹೇಳಬೇಕು. "ಫೋರ್ ಇಂಟು ಟ್ವೆಲ್ವ್ ಎಷ್ಟು, ನೋಟ್‌ಬುಕ್ಕಿನಲ್ಲಿ ಬರೆಯಿರಿ" ಎಂದೆ. ನನ್ನ ಮನಸ್ಸಿನಲ್ಲಿದ್ದ ಉತ್ತರ 48. ಅರ್ಧಕ್ಕಿಂತ ಹೆಚ್ಚು ಮಕ್ಕಳು 3 ಎಂದು ಬರೆದಿದ್ದರು. ಈ ಮಕ್ಕಳಿಗೆ ಮಗ್ಗಿಯೇ ಬಾರದೆಂದು ಬೇಸರಪಟ್ಟು ಎಲ್ಲವಕ್ಕೂ ತಪ್ಪು ಗುರುತು ಹಾಕಿದೆ. ತರಗತಿ ಮುಗಿದ ಮೇಲೆ ನನ್ನ ಮಾರ್ಗದರ್ಶಕಿ ಮೆಲುದನಿಯಲ್ಲಿ ವಿವರಿಸಿದರು: ನಮ್ಮಲ್ಲಿ ಗುಣಾಕಾರಕ್ಕೆ ಹೇಳುವ 'ಇಂಟು' ಇಲ್ಲಿ ಭಾಗಾಕಾರದ ಮಾತು, ನಾಲ್ಕು ಹನ್ನೆರಡರೊಳಗೆ ಎಷ್ಟು ಸಲ ಹೋಗುತ್ತದೆ ಎಂದು ನಾನು ಕೇಳಿದ್ದೇನೆಂದೇ ಮಕ್ಕಳು ತಿಳಿದಿದ್ದರು. ಸರಿಯಾದ ಉತ್ತರ ಬರೆದ ಮಕ್ಕಳಿಗೆ ನಾನು ತಪ್ಪು ಹಾಕಿದ್ದೆ. ಮರುದಿನ ಅವರ ಮುಂದೆ ನಿಂತು ಕ್ಷಮೆ ಕೇಳಿ ಪ್ರತಿಯೊಂದನ್ನೂ ತಿದ್ದಿಕೊಟ್ಟೆ. ಹೀಗೆಯೇ ನಾವು ಯಾವ ಲೆಕ್ಕಕ್ಕಾದರೂ 'ಸಮ್' ಎನ್ನುತ್ತೇವೆ, ಇಲ್ಲಿ ಅದು ಕೂಡಿದ ಮೊತ್ತ ಮಾತ್ರ. ನಮ್ಮ ಬ್ರ್ಯಾಕೆಟ್ಟು ಇಲ್ಲಿ ಪೆರೆಂಥಿಸಿಸ್, ನಮ್ಮ ಎಚ್.ಸಿ.ಎಫ್. ಇಲ್ಲಿ ಜಿ.ಸಿ.ಎಫ್., ನಮ್ಮ 'ಜೆಡ್' ಇಲ್ಲಿ 'ಜೀ'. ನೇರ ದಾರಿಯಲ್ಲಿ ಬಂದು ಮೊದಲ ದಿನವೇ ನೂರೈವತ್ತು ಮಕ್ಕಳ ಹೊಣೆ ಹೊತ್ತಿದ್ದರೆ ಇದನ್ನು ನನಗೆ ತಿಳಿಸಿ ಹೇಳುವವರು ಆ ಕೋಣೆಯಲ್ಲಿ ಯಾರೂ ಇರುತ್ತಿರಲಿಲ್ಲ.

ಉಚ್ಚಾರಣೆಯ ಬಗೆಗಿನ ನಿಮ್ಮ ಪ್ರಶ್ನೆಗೂ ಉತ್ತರ ಇದರಲ್ಲಿಯೇ ಇದೆ. ನಮ್ಮ ಉಚ್ಚಾರಣೆಗೆ ಮಕ್ಕಳು ಎರಡೇ ವಾರದಲ್ಲಿ ಹೊಂದಿಕೊಳ್ಳುತ್ತಾರೆ, ಅದಕ್ಕೆ ಹೆದರಬೇಡಿ. ತೊಡಕಾಗುವುದು ಪದಗಳ ಅರ್ಥದಲ್ಲಿ, ಮತ್ತು ಮೌನದಲ್ಲಿ. ಹಾಸನದಲ್ಲಿ ನೀವು ಪ್ರಶ್ನೆ ಕೇಳಿದರೆ ಇಡೀ ತರಗತಿ ಒಕ್ಕೊರಲಿನಿಂದ ಉತ್ತರಿಸಿರಬೇಕು. ಇಲ್ಲಿ ಮೌನವಿರುತ್ತದೆ, ಆ ಮೌನವನ್ನು ಸಹಿಸಲಾರದೆ ನಾನೇ ಉತ್ತರ ಹೇಳಿಬಿಡುತ್ತಿದ್ದೆ. ನನ್ನ ಮಾರ್ಗದರ್ಶಕಿ ಒಂದು ದಿನ ಹಿಂದೆ ಕೂತು, ನಾನು ಕೇಳಿದ ಪ್ರತಿ ಪ್ರಶ್ನೆಯ ಎದುರಿಗೆ ಅದಕ್ಕೆ ಉತ್ತರಿಸಿದವರು ಯಾರೆಂದು ಬರೆದುಕೊಟ್ಟರು. ಆ ಹಾಳೆಯ ತುಂಬ ನನ್ನದೇ ಹೆಸರಿತ್ತು. ಕಾಯುವುದನ್ನು ಕಲಿಯಲು ನನಗೆ ಒಂದು ಸೆಮಿಸ್ಟರ್ ಹಿಡಿಯಿತು.

ಕಾರ್ಯಕ್ರಮದಲ್ಲಿ ಕಲಿಯುವ ಇನ್ನೆರಡು ವಿಷಯಗಳಿಗೆ ನಮ್ಮ ಬಿ.ಎಡ್.ನಲ್ಲಿ ಸರಿಸಾಟಿಯಾದದ್ದು ನನಗೆ ಸಿಕ್ಕಿರಲಿಲ್ಲ. ವಿಶೇಷ ಅಗತ್ಯವಿರುವ ಪ್ರತಿ ಮಗುವಿಗೂ ಐ.ಇ.ಪಿ. ಎಂಬ ಅದರದೇ ಆದ ಶಿಕ್ಷಣ ಯೋಜನೆ ಇರುತ್ತದೆ; ಅಮೆರಿಕದ ಕೇಂದ್ರ ಸರ್ಕಾರದ 1975ರ ಕಾನೂನಿನಿಂದ ಹುಟ್ಟಿದ ಈ ಪದ್ಧತಿಯಲ್ಲಿ, ಪರೀಕ್ಷೆಗೆ ಹೆಚ್ಚು ಸಮಯ ಕೊಡಬೇಕೆಂದು ಯೋಜನೆಯಲ್ಲಿ ಬರೆದಿದ್ದರೆ ಗಣಿತದ ಶಿಕ್ಷಕಿ ಅದನ್ನು ಪಾಲಿಸಲೇಬೇಕು, ಅದು ಆಕೆಯ ದಯೆಗೆ ಬಿಟ್ಟದ್ದಲ್ಲ. ಎರಡನೆಯದು, ಮನೆಯಲ್ಲಿ ಇಂಗ್ಲಿಷ್ ಆಡದ ಮಕ್ಕಳಿಗೆ ಕಲಿಸುವ ವಿಧಾನ. ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಭಾಷಿಕ ಮಕ್ಕಳ ಪರವಾಗಿ ಹೂಡಿದ ಲಾವ್ ವಿರುದ್ಧ ನಿಕೋಲ್ಸ್ ಮೊಕದ್ದಮೆಯಲ್ಲಿ, ಅರ್ಥವಾಗದ ಭಾಷೆಯಲ್ಲಿ ಒಂದೇ ಪುಸ್ತಕ, ಒಂದೇ ಮೇಷ್ಟರನ್ನು ಎಲ್ಲರಿಗೂ ಕೊಟ್ಟ ಮಾತ್ರಕ್ಕೆ ಸಮಾನತೆಯಾಗುವುದಿಲ್ಲ ಎಂಬ ನಿಲುವನ್ನು ಸುಪ್ರೀಂ ಕೋರ್ಟು 1974ರಲ್ಲಿ ತಳೆಯಿತು. ಆ ತೀರ್ಪನ್ನು ನಾನು ಓದಿದ್ದು ಕ್ರೆಡೆನ್ಷಿಯಲ್ ತರಗತಿಯಲ್ಲಿ. ಎಸ್.ಎಸ್.ಎಲ್.ಸಿ.ವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿ.ಯು.ಸಿ. ವಿಜ್ಞಾನಕ್ಕೆ ಸೇರಿದ ಮೊದಲ ತಿಂಗಳು, ಗೊತ್ತಿದ್ದ ತ್ರಿಕೋನಮಿತಿಯೂ ಇಂಗ್ಲಿಷಿನಲ್ಲಿ ಗುರುತು ಸಿಗದೆ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ ಹುಡುಗಿ ನಾನು. ಮೆಕ್ಸಿಕೊದಿಂದಲೋ ಗ್ವಾಟೆಮಾಲಾದಿಂದಲೋ ಬಂದು ನನ್ನ ತರಗತಿಯಲ್ಲಿ ಮಾತಿಲ್ಲದೆ ಕೂರುವ ಮಗುವಿಗೆ ಲೆಕ್ಕ ಬರುತ್ತದೆ, ಭಾಷೆ ಮಾತ್ರ ಬಾರದು ಎಂಬುದನ್ನು ನಮ್ಮಂಥವರು ಬೇಗ ಗ್ರಹಿಸಬಲ್ಲೆವು. ನೀವೂ ಕನ್ನಡ ಮಾಧ್ಯಮದಿಂದ ಬಂದವರಾದರೆ ಅದನ್ನು ಪ್ರವೇಶದ ಪ್ರಬಂಧದಲ್ಲಿ ಮುಚ್ಚಿಡಬೇಡಿ, ಸಂದರ್ಶನದಲ್ಲಿಯೂ ಹೇಳಿ. ಇಲ್ಲಿ ಅದು ನಿಮ್ಮ ಅರ್ಹತೆಯ ಒಂದು ಭಾಗ.

ಪರೀಕ್ಷೆಗಳ ವಿಷಯ ಸಂಕ್ಷಿಪ್ತವಾಗಿ ಹೇಳುತ್ತೇನೆ, ಏಕೆಂದರೆ ನಿಮಗೆ ಅವು ಕಷ್ಟವಾಗಲಾರವು. ವಿಷಯಜ್ಞಾನ ತೋರಿಸಲು ಸಿಸೆಟ್ ಎಂಬ ಪರೀಕ್ಷೆಯಿದೆ. ಗಣಿತದಲ್ಲಿ ಅದಕ್ಕೆ ಮೂರು ಭಾಗಗಳು, ಮೂರನೆಯದು ಕಲನಶಾಸ್ತ್ರದ್ದು. ಮೊದಲೆರಡು ಪಾಸಾದರೆ ಕೆಳಹಂತದ ಗಣಿತ ಕಲಿಸಬಹುದು, ಮೂರೂ ಆದರೆ ಎಲ್ಲ ಹಂತದ್ದನ್ನೂ ಕಲಿಸಬಹುದು. ನೀವು ಮೂರನ್ನೂ ಬರೆಯಿರಿ. ಕಾರ್ಯಕ್ರಮದ ಕೊನೆಯ ಹಂತದಲ್ಲಿ ನಿಮ್ಮ ಪಾಠವನ್ನು ವಿಡಿಯೊ ಮಾಡಿ, ಯಾವ ಮಗು ಎಲ್ಲಿ ಎಡವಿತು, ನೀವೇನು ಬದಲಿಸಿದಿರಿ ಎಂದು ವಿಶ್ಲೇಷಿಸಿ ಕಳಿಸುವ ಟಿ.ಪಿ.ಎ. ಎಂಬ ಮೌಲ್ಯಮಾಪನವಿದೆ. ಅಮೆರಿಕದ ಸಂವಿಧಾನದ ಬಗ್ಗೆ ಒಂದು ಕೋರ್ಸ್ ಅಥವಾ ಪರೀಕ್ಷೆ ಬೇಕು. ಇವೆಲ್ಲ ಮುಗಿದರೆ ಸಿಗುವುದು ಐದು ವರ್ಷದ ಪ್ರಿಲಿಮಿನರಿ ಕ್ರೆಡೆನ್ಷಿಯಲ್. ಕೆಲಸಕ್ಕೆ ಸೇರಿ, ಹೊಸ ಶಿಕ್ಷಕರಿಗೆ ಮಾರ್ಗದರ್ಶನ ನೀಡುವ ಎರಡು ವರ್ಷದ ಇಂಡಕ್ಷನ್ ಮುಗಿಸಿದ ಮೇಲೆ ಅದು ಕ್ಲಿಯರ್ ಕ್ರೆಡೆನ್ಷಿಯಲ್, ಅಂದರೆ ಪೂರ್ಣ ಪರವಾನಗಿ, ಆಗುತ್ತದೆ.

ಇನ್ನು ನೀವು ಕೇಳದೆ ಬಿಟ್ಟ, ಆದರೆ ಎಲ್ಲಕ್ಕಿಂತ ಮೊದಲು ಇತ್ಯರ್ಥವಾಗಬೇಕಾದ ವಿಷಯ ವೀಸಾ. ಎಚ್-4 ಮೇಲೆ ನೀವು ಧಾರಾಳವಾಗಿ ಓದಬಹುದು, ಆದರೆ ದುಡಿಯಲು ಕೆಲಸದ ಪರವಾನಗಿಯಾದ ಇ.ಎ.ಡಿ. ಬೇಕು. 2015ರಿಂದ ಜಾರಿಯಲ್ಲಿರುವ ನಿಯಮದಂತೆ, ಯಜಮಾನರ ಗ್ರೀನ್ ಕಾರ್ಡ್ ಹಾದಿಯಲ್ಲಿ ಅವರ ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾಗಿದ್ದರೆ ನೀವು ಇ.ಎ.ಡಿ.ಗೆ ಅರ್ಜಿ ಹಾಕಬಹುದು. ಆ ಅರ್ಜಿ ಯಾವ ಹಂತದಲ್ಲಿದೆಯೆಂದು ಇಂದೇ ಮನೆಯಲ್ಲಿ ಕೂತು ಮಾತಾಡಿ. ನನಗೆ ಪರಿಚಯವಿದ್ದ ಒಬ್ಬರು ಕ್ರೆಡೆನ್ಷಿಯಲ್ ಕೈಯಲ್ಲಿ ಹಿಡಿದು, ಶಾಲೆಯೊಂದು ಕರೆದರೂ ಹೋಗಲಾಗದೆ ಎರಡು ವರ್ಷ ಮನೆಯಲ್ಲಿ ಉಳಿದರು. ಆ ನೋವು ನಿಮಗೆ ಬರಬಾರದು. ಸಂಬಳ ಪಡೆದು ಕಲಿಸುತ್ತಲೇ ಓದುವ ಇಂಟರ್ನ್ ದಾರಿಗೂ ಇ.ಎ.ಡಿ. ಬೇಕು. ಶುಲ್ಕದ ಮಟ್ಟಿಗೆ, ಎಚ್-4 ಮೇಲಿದ್ದವರೂ ಇಲ್ಲಿ ಒಂದು ವರ್ಷಕ್ಕೂ ಮಿಗಿಲಾಗಿ ನೆಲೆಸಿದ್ದಕ್ಕೆ ದಾಖಲೆ ತೋರಿಸಿ ರಾಜ್ಯದ ನಿವಾಸಿಗಳ ದರಕ್ಕೆ ಅರ್ಹರಾಗಬಹುದು. ಆದುದರಿಂದ ಅವಸರಪಟ್ಟು ಈಗಲೇ ಸೇರದೆ, ವರ್ಷ ತುಂಬಿದ ಮೇಲಿನ ಸೆಮಿಸ್ಟರಿಗೆ ಅರ್ಜಿ ಹಾಕಿ. ಅಮೆರಿಕದ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಎಚ್-4 ಮೇಲಿದ್ದವರಿಗೆ ಸಿಗುವುದಿಲ್ಲವೆಂದು ತಿಳಿದೇ ಲೆಕ್ಕ ಹಾಕಿಕೊಳ್ಳಿ.

ಸಂಬಳದ ಬಗ್ಗೆ ಒಂದೇ ಮಾತು. ಸರ್ಕಾರಿ ಶಾಲೆಗಳಲ್ಲಿ ಸಂಬಳ ಚೌಕಾಸಿಯಿಂದ ನಿಗದಿಯಾಗುವುದಿಲ್ಲ. ಸೇವಾವರ್ಷ ಮತ್ತು ಪದವಿಯ ನಂತರ ಗಳಿಸಿದ ಯೂನಿಟ್‌ಗಳ, ಅಂದರೆ ಕೋರ್ಸುಗಳ ಕ್ರೆಡಿಟ್‌ಗಳ, ಪ್ರಕಾರ ಪ್ರತಿ ಸ್ಕೂಲ್ ಡಿಸ್ಟ್ರಿಕ್ಟಿನ ಸಂಬಳದ ಪಟ್ಟಿಯಲ್ಲಿ ನಿಮ್ಮ ಸ್ಥಾನ ಇರುತ್ತದೆ. ಹೀಗಾಗಿ ಎಂ.ಎಸ್ಸಿ. ಮತ್ತು ಬಿ.ಎಡ್. ಎರಡನ್ನೂ ಕೋರ್ಸುವಾರು ಮೌಲ್ಯಮಾಪನ ಮಾಡಿಸಿ, ಪದವಿಯದನ್ನು ಮಾತ್ರ ಮಾಡಿಸಿ ಸುಮ್ಮನಾಗಬೇಡಿ. ನಿಮ್ಮ ಹಳೆಯ ಓದು ವ್ಯರ್ಥವಾಗುವುದಿಲ್ಲವೆಂದು ನಾನು ಹೇಳುವುದು ಈ ಅರ್ಥದಲ್ಲಿಯೂ ಹೌದು.

ಈಗ ಮಾಡಬೇಕಾದ ಕೆಲಸ ಊರಿನಲ್ಲಿದೆ. ವಿಶ್ವವಿದ್ಯಾಲಯದಿಂದ ಮೊಹರು ಮಾಡಿದ ಲಕೋಟೆಯಲ್ಲಿ ಅಂಕಪಟ್ಟಿಗಳನ್ನು ತರಿಸುವುದು ದೂರದಿಂದ ಸುಲಭವಲ್ಲ. ತಮ್ಮನನ್ನೋ ಹಳೆಯ ಸಹೋದ್ಯೋಗಿಯನ್ನೋ ಮೈಸೂರು ವಿಶ್ವವಿದ್ಯಾಲಯದ ಆಡಳಿತ ಕಚೇರಿಯಾದ ಕ್ರಾಫರ್ಡ್ ಹಾಲಿಗೆ ಖುದ್ದಾಗಿ ಕಳಿಸಿ. ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ ಇದ್ದು ಪಾಸ್‌ಪೋರ್ಟಿನಲ್ಲಿ ಹೆಸರು ಪೂರ್ತಿಯಾಗಿ, ಮದುವೆಯ ನಂತರದ ಹೆಸರಿನ ಜೊತೆಗೆ ಇದ್ದರೆ, ಎರಡೂ ಒಬ್ಬರದೇ ಎಂಬ ಪ್ರಮಾಣಪತ್ರವನ್ನೂ ಆಗಲೇ ಮಾಡಿಸಿಬಿಡಿ. ಹಾಸನದ ಶಾಲೆಯ ಮುಖ್ಯೋಪಾಧ್ಯಾಯರಿಂದ ಯಾವ ತರಗತಿ, ಯಾವ ವಿಷಯ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂಬ ವಿವರವುಳ್ಳ ಸೇವಾಪತ್ರವನ್ನು ಇಂಗ್ಲಿಷಿನಲ್ಲಿ ಪಡೆಯಿರಿ. ಅದು ಬರುವಷ್ಟರಲ್ಲಿ ಇಲ್ಲಿ ಕ್ಷಯರೋಗದ ಪರೀಕ್ಷೆ ಮಾಡಿಸಿಕೊಂಡಿರಿ. ಅದರ ವರದಿಯಿದ್ದರೆ, ನೀವು ನನ್ನ ತರಗತಿಗೆ ಬಂದು ನೋಡಲು ನಮ್ಮ ಪ್ರಿನ್ಸಿಪಾಲರ ಅನುಮತಿಯನ್ನು ನಾನೇ ಕೇಳುತ್ತೇನೆ. ನನ್ನ ಎರಡನೆಯ ಪಿರಿಯಡ್ ಒಂಬತ್ತನೆಯ ತರಗತಿಯ ಬೀಜಗಣಿತದ್ದು, ಮೂವತ್ತೆರಡು ಮಕ್ಕಳು, ಒಂಬತ್ತು ಮನೆಮಾತುಗಳು. ಒಂದು ವಾರ ಬಂದು ಹಿಂದಿನ ಸಾಲಿನಲ್ಲಿ ಕೂತು ನೋಡಿ.