ಜೂನ್ 5ಕ್ಕೆ ಕಾರವಾರದ ಬೀಚಿನಲ್ಲಿ ಮರಳು ದಿಬ್ಬ ಉಳಿಸಲು ಯಾವ ಸಸಿ ನೆಡಬೇಕು?

ಪರಿಸರ ದಿನ, ಎನ್ನೆಸ್ಸೆಸ್ ಹುಡುಗರು, ಸಾವಿರ ಸಸಿ, ಮೊದಲು ಜೆಸಿಬಿಯಿಂದ ಜಾಗ ಸಮತಟ್ಟು. ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರಾಗಬೇಡಿ. ಜೆಸಿಬಿ ಒಂದು ಬಿಟ್ಟರೆ ನಾವೂ ಇದನ್ನೇ ಮಾಡಿದ್ದು.

ಕುಮಟಾ ಕಡೆಯ ಒಂದು ತೀರ. ಬ್ಯಾನರ್, ಭಾಷಣ, ಟೆಂಪೊ ತುಂಬ ಗಾಳಿಮರದ ಸಸಿ, ಸುರಹೊನ್ನೆ ಸಸಿ, ಜೊತೆಗೆ ನಾವೇ ಕೊಯ್ದು ತಂದ, ಕಡಲ ದಡದ ಮರಳಲ್ಲಿ ಹಬ್ಬುವ ಅಡುಂಬು ಬಳ್ಳಿ. ಗುಂಡಿ ತೋಡಿ, ಗೊಬ್ಬರ ಮಣ್ಣು ಸುರಿದು, ಹಗ್ಗ ಹಿಡಿದು ಸಾಲಾಗಿ ನೆಟ್ಟೆವು. ಆ ತಿಂಗಳು ಮುಗಿಯುವುದರೊಳಗೆ ಗಿಡವೂ ಇಲ್ಲ, ಗುಂಡಿಯೂ ಇಲ್ಲ, ಹಗ್ಗ ಕಟ್ಟಲು ಹೊಡೆದ ಗೂಟವೂ ಇಲ್ಲ.

ಎಲ್ಲಿ ಎಡವಿದೆವು ಅನ್ನುವುದನ್ನು ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ನೀವು ನೂರಕ್ಕೆ ನೂರು ಅಲ್ಲೇ ಎಡವುತ್ತೀರಿ. ಮೇ ತಿಂಗಳಲ್ಲಿ ನಮ್ಮ ತೀರಗಳು ಎಷ್ಟು ಅಗಲ ಕಾಣುತ್ತವೆ! ಬೇಸಿಗೆಯಿಡೀ ಸಣ್ಣ ತೆರೆಗಳು ಮರಳು ತಂದು ತಂದು ದಡಕ್ಕೆ ಹಾಕಿರುತ್ತವೆ. ದಿಬ್ಬದ ಮೇಲೆ ಹೇಗೂ ಬಳ್ಳಿ ಇದೆ, ಅದರ ಬುಡದಿಂದ ನೀರಿನವರೆಗೆ ಖಾಲಿ ಇರುವಲ್ಲಿ ನೆಡೋಣ ಅಂತ ಟೇಪು ಹಿಡಿದು ಅಳೆದೆವು. ಅಷ್ಟು ಜಾಗ ಖಾಲಿ ಯಾಕಿದೆ ಅಂತ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಮಳೆಗಾಲದ ತೆರೆ ಆ ಮರಳನ್ನು ವರ್ಷಾವರ್ಷ ವಾಪಸ್ ಒಯ್ಯುತ್ತದೆ. ಸಾಲದಿದ್ದರೆ ದಿಬ್ಬದ ಮುಖವನ್ನೂ ಒಂದಿಷ್ಟು ಕಡಿಯುತ್ತದೆ. ಒಯ್ದದ್ದನ್ನು ಸ್ವಲ್ಪ ದೂರದಲ್ಲಿ ನೀರಿನಡಿ ದಿಣ್ಣೆಯಾಗಿ ಪೇರಿಸುತ್ತದೆ. ದೊಡ್ಡ ತೆರೆಗಳು ಆ ದಿಣ್ಣೆಯ ಮೇಲೇ ಒಡೆದು, ದಡ ಮುಟ್ಟುವಾಗ ಸೋತಿರುತ್ತವೆ. ಮಳೆ ಹಿಂದೆ ಸರಿದ ಮೇಲೆ ಮರಳು ಮತ್ತೆ ಮೇಲೆ ಬರುತ್ತದೆ. ಅದು ಕಡಲಿನ ಓಡಾಟದ ಜಾಗ, ನಮ್ಮದಲ್ಲ. ಮುಂಗಾರು ಇಲ್ಲಿ ಕಾಲಿಡುವುದೇ ಜೂನ್ ಮೊದಲ ವಾರ. ಐದಕ್ಕೆ ನೆಟ್ಟ ಗಿಡಕ್ಕೆ ಬೇರು ಬಿಡಲು ಪುರುಸೊತ್ತೆಲ್ಲಿ?

ಹಿಂದಿನ ದಿನ ಹರಿಕಂತ್ರರ ಅಜ್ಜ ಒಬ್ಬರು ಬಲೆ ಸರಿಮಾಡುತ್ತ, "ತಮಾ, ಮಳೆಗಾಲಕ್ಕೆ ನಾವು ದೋಣಿ ಎಲ್ಲಿ ಇಡ್ತೇವೆ, ನೋಡಿದ್ಯಾ?" ಅಂದಿದ್ದರು. ನೋಡಿರಲಿಲ್ಲ. ದೋಣಿಗಳೆಲ್ಲ ಆಗಲೇ ದಿಬ್ಬದ ಹಿಂದೆ, ತೆಂಗಿನ ಬುಡದಲ್ಲಿ, ಮಡಲು ಹೊದ್ದು ಕೂತಿದ್ದವು. ನಿಮ್ಮ ಟೇಪು ಪಕ್ಕಕ್ಕಿಡಿ, ಆ ದೋಣಿಗಳನ್ನು ನೋಡಿ.

ಹಾಗಾಗಿ "ಯಾವ ಸಸಿ" ಅನ್ನುವ ಪ್ರಶ್ನೆಯೇ ತಪ್ಪು. ಸಸಿ ಬೇಡ. ಗಾಳಿಮರವಂತೂ ಬೇಡವೇ ಬೇಡ. 1868ರಲ್ಲಿ ಉರುವಲಿಗೆಂದು ಕಾರವಾರಕ್ಕೆ ತಂದ ಮರ ಅದು. ದೇವಬಾಗದ ತೋಪು ನೋಡಿದವರಿಗೆ ನಮ್ಮ ಕರಾವಳಿಯದ್ದೇ ಅನ್ನಿಸುತ್ತದೆ, ಇರಲಿ. ಅದರ ಬುಡದಲ್ಲಿ ಬಿದ್ದ ಸೂಜಿಕಡ್ಡಿಯ ಹಾಸಿನಲ್ಲಿ ಬಳ್ಳಿ, ಹುಲ್ಲು ಏಳುವುದೇ ಕಷ್ಟ. ಮರಳು ಹಿಡಿಯುವ ಕೆಲಸ ಆಗುವುದು ನೆಲಮಟ್ಟದಲ್ಲಿ. ಅಡುಂಬಿನ ಒಂದು ಬಳ್ಳಿ ಮೆಲ್ಲಗೆ ಎತ್ತಿ ನೋಡಿ: ಗಂಟು ಗಂಟಿಗೂ ಬೇರು, ಎಲೆಯ ಬುಡದಲ್ಲೆಲ್ಲ ಗಾಳಿ ತಂದು ಬಿಟ್ಟ ಮರಳಿನ ಪುಟ್ಟ ರಾಶಿ. ಮರಳು ಮುಚ್ಚಿದಷ್ಟೂ ಬಳ್ಳಿ ಮೇಲೆ ಬರುತ್ತದೆ, ದಿಬ್ಬವೂ ಏರುತ್ತದೆ. ರಾವಣನ ಮೀಸೆ ಹುಲ್ಲಿಗಂತೂ ನೀವು ಬೇಕಾಗಿಯೇ ಇಲ್ಲ. ಅದರ ಮುಳ್ಳುಮುಳ್ಳಾದ ಬೀಜದ ಚೆಂಡು ಗಾಳಿಗೆ ಉರುಳಿಕೊಂಡು ಹೋಗಿ ತಾನೇ ಬಿತ್ತಿಕೊಳ್ಳುತ್ತದೆ.

ಮುಂದೆ ನಾವು ಚೌತಿ ಕಳೆದು, ಕಡಲು ತಣಿದು, ಮಳೆ ಇನ್ನೂ ಬಿಟ್ಟು ಬಿಟ್ಟು ಬರುವ ಹೊತ್ತಿಗೆ ಕೆಲಸಕ್ಕಿಳಿದೆವು. ದಿಬ್ಬ ಬೋಳಾದ ಕಡೆ ಮಾತ್ರ. ಅದೇ ತೀರದಲ್ಲಿ ದಟ್ಟವಾಗಿ ಹಬ್ಬಿದ ಅಡುಂಬಿನಿಂದ ಮೊಳದುದ್ದದ ತುಂಡು, ಮೂರ್ನಾಲ್ಕು ಗಂಟು ಮರಳಿನಡಿ, ತುದಿ ಹೊರಗೆ. ಗೊಬ್ಬರ ಇಲ್ಲ. ಕಡಲ ಬದಿಗೆ ಮಡಲಿನ ತಟ್ಟಿ, ಅದೂ ಸಡಿಲ. ಗಾಳಿ ಅರ್ಧ ತೂರಬೇಕು, ಬಿಗಿಯಾದರೆ ಅದು ಬುಡವನ್ನೇ ಕೊರೆಯುತ್ತದೆ. ಜನ ಓಡಾಡುವ ಕಾಲುದಾರಿಯನ್ನು ಓರೆಯಾಗಿ ತಿರುಗಿಸಿದೆವು. ನೇರ ದಾರಿ ಬಿಟ್ಟರೆ ಗಾಳಿ ಅದರಲ್ಲೇ ನುಗ್ಗಿ ದಿಬ್ಬ ಸೀಳುತ್ತದೆ. ದೋಣಿ ಎಳೆಯುವ ದಾರಿ ಎಲ್ಲಿರಬೇಕು ಅಂತ ಮೀನುಗಾರರೇ ಹೇಳಿದರು, ನೀವೂ ಅವರನ್ನೇ ಕೇಳಿ. ಡಿಸೆಂಬರ್ ಒಳಗೆ ತಟ್ಟಿ ಕಿತ್ತುಬಿಡಿ, ಕಡಲಾಮೆ ಮೊಟ್ಟೆಯಿಡಲು ಬರುವ ಕಾಲ. ತುಂಡು ಬಳ್ಳಿಯಲ್ಲಿ ಎಷ್ಟೋ ಒಣಗಿದವು, ಉಳಿದವು ಸಾಕಾದವು.

ಇನ್ನು ಜೆಸಿಬಿ. 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಲ್ಲಿ ಮರಳು ದಿಬ್ಬ ಇರುವುದು 1-ಎ ವರ್ಗದಲ್ಲಿ, ಅಂದರೆ ಎಲ್ಲಕ್ಕಿಂತ ಬಿಗಿ ರಕ್ಷಣೆಯ ಪಟ್ಟಿಯಲ್ಲಿ. ಉಳಿಸಲು ಹೊರಟವರೇ ಸಮತಟ್ಟು ಮಾಡುವುದೆಂದರೆ ಏನು ಮಾರಾಯ್ರೇ?

ಪ್ರಿನ್ಸಿಪಾಲರು ಜೂನ್ 5ಕ್ಕೆ ಏನಾದರೂ ಆಗಲೇಬೇಕು ಅಂತ ಕೂತರೆ ಹುಡುಗರಿಂದ ಪ್ಲಾಸ್ಟಿಕ್ ಹೆಕ್ಕಿಸಿ. ಕೈಯಲ್ಲೇ, ಕುಂಟೆ ಬೇಡ. ಕಡಲು ತಂದು ಎಸೆದ ಪಾಚಿ, ಕಸಕಡ್ಡಿ ಮುಟ್ಟದಿರಲಿ. ತೇಲಿ ಬಂದ ಅಡುಂಬಿನ ಬೀಜ ಸಿಕ್ಕಿಕೊಂಡಿರುವುದು ಅದರಲ್ಲೇ.