ರೊನಾಲ್ಡೊನನ್ನು ಕೂರಿಸಿದ ಇಂಜಿನಿಯರ್

ಪತ್ರ: ಪೋರ್ಚುಗಲ್ ಕೋಚ್ ಆಗಿದ್ದ ಫರ್ನಾಂಡೊ ಸಾಂಟೋಸ್ ದೇಶದ ಪರ ಒಂದು ಪಂದ್ಯವನ್ನೂ ಆಡಿದವರಲ್ಲ. ಅಂಥವರು 2022ರ ವಿಶ್ವಕಪ್‌ನಲ್ಲಿ ರೊನಾಲ್ಡೊನಂಥವನನ್ನು ಬೆಂಚಿನಲ್ಲಿ ಕೂರಿಸಿದ್ದು ಸರಿಯಾ? 2016ರ ಯೂರೊ ಕಪ್ಪೂ ಅದೃಷ್ಟದ್ದೇ ಅಲ್ವಾ? ಆಮೇಲೆ ಈ ಮನುಷ್ಯ ಏನಾದರು?
- ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕೂರಿಸಿದ್ದು ಸರಿ ಅಂತಲೇ ನಾನು ಹೇಳುತ್ತೇನೆ. ಬೈದುಕೊಳ್ಳಬೇಡಿ, ಆ ದಿನದ ಸ್ಕೋರ್ ನೋಡಿ. ಡಿಸೆಂಬರ್ 6, ಕತಾರ್‌ನ ಲುಸೈಲ್ ಕ್ರೀಡಾಂಗಣ, ಎದುರಿಗೆ ಸ್ವಿಟ್ಜರ್ಲೆಂಡ್. ರೊನಾಲ್ಡೊ ಜಾಗಕ್ಕೆ ಬಂದ 21 ವರ್ಷದ ಗೊನ್ಸಾಲೊ ರಾಮೋಸ್ ಹ್ಯಾಟ್ರಿಕ್ ಹೊಡೆದ. ಪೋರ್ಚುಗಲ್ 6-1ರಿಂದ ಗೆದ್ದಿತು. ಅದಕ್ಕೂ ಮೊದಲು ದಕ್ಷಿಣ ಕೊರಿಯಾ ವಿರುದ್ಧ 65ನೇ ನಿಮಿಷಕ್ಕೆ ಹೊರಗೆ ಕರೆದಾಗ ರೊನಾಲ್ಡೊ ಗೊಣಗಿಕೊಂಡೇ ಬಂದಿದ್ದ. ಅದು ತಮಗೆ ಒಂಚೂರೂ ಹಿಡಿಸಲಿಲ್ಲ ಅಂತ ಸಾಂಟೋಸ್ ಎಲ್ಲರೆದುರೇ ಹೇಳಿದ್ದರು. ಮೊರಾಕ್ಕೊ ವಿರುದ್ಧದ ಕ್ವಾರ್ಟರ್‌ಫೈನಲ್‌ನಲ್ಲಿ 1-0ಯಿಂದ ಸೋತಿದ್ದು ನಿಜ. ಆದರೆ 51ನೇ ನಿಮಿಷದಿಂದ ಕೊನೆಯವರೆಗೆ ರೊನಾಲ್ಡೊ ಮೈದಾನದಲ್ಲೇ ಇದ್ದ. ಬೆಂಚಿನ ಮೇಲೆ ಎಷ್ಟು ತಪ್ಪು ಹೊರಿಸೋದು?

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ನೆನಪಿಲ್ಲ. 2003ರ ಆಗಸ್ಟ್‌ನಲ್ಲಿ ಲಿಸ್ಬನ್ನಿನ ಸ್ಪೋರ್ಟಿಂಗ್ ಕ್ಲಬ್ ತನ್ನ ಹೊಸ ಕ್ರೀಡಾಂಗಣದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು 3-1ರಿಂದ ಸೋಲಿಸಿತು. ಅವತ್ತು ಯುನೈಟೆಡ್ ಡಿಫೆಂಡರ್‌ಗಳನ್ನು ಕುಣಿಸಿದ 18ರ ಹುಡುಗನೇ ರೊನಾಲ್ಡೊ. ಕೆಲವೇ ದಿನಗಳಲ್ಲಿ ಅವನು ಇಂಗ್ಲೆಂಡಿಗೆ ಹೊರಟ. ಆಗ ಸ್ಪೋರ್ಟಿಂಗ್ ಕೋಚ್ ಆಗಿದ್ದವರು ಇದೇ ಸಾಂಟೋಸ್.

ಆಟಗಾರನಾಗಿ ಅವರು ದೊಡ್ಡ ಹೆಸರು ಮಾಡಲಿಲ್ಲ ಅನ್ನುವುದು ಒಪ್ಪಿದೆ. 1954ರಲ್ಲಿ ಲಿಸ್ಬನ್ನಿನಲ್ಲಿ ಹುಟ್ಟಿದವರು. ಎಸ್ಟೊರಿಲ್, ಮರಿಟಿಮು ಎಂಬ ಸಣ್ಣ ಕ್ಲಬ್‌ಗಳಲ್ಲಿ ಡಿಫೆಂಡರ್. ಜೊತೆಜೊತೆಗೇ ಎಲೆಕ್ಟ್ರಿಕಲ್ ಮತ್ತು ಟೆಲಿಕಾಂ ಇಂಜಿನಿಯರಿಂಗ್ ಓದಿದರು. ಎಸ್ಟೊರಿಲ್‌ನ ದೊಡ್ಡ ಹೋಟೆಲೊಂದರ ರಿಪೇರಿ, ನಿರ್ವಹಣೆಯ ಕೆಲಸ ನೋಡಿಕೊಳ್ಳುತ್ತಿದ್ದರು. ಕೋಚಿಂಗ್ ಶುರುವಾಗಿದ್ದೂ ಅದೇ ಊರಿನ ಕ್ಲಬ್ಬಿನಲ್ಲಿ. 1998-99ರಲ್ಲಿ ಪೋರ್ಟೊ ಕ್ಲಬ್ ಸತತ ಐದನೇ ಬಾರಿ ಪೋರ್ಚುಗಲ್ ಲೀಗ್ ಗೆದ್ದಾಗ ಕೋಚ್ ಇವರೇ. ಮೊದಲ ನಾಲ್ಕು ಬೇರೆಯವರು ಗೆಲ್ಲಿಸಿಕೊಟ್ಟಿದ್ದರೂ 'ಐದರ ಇಂಜಿನಿಯರ್' ಅನ್ನುವ ಅಡ್ಡಹೆಸರು ಬಿದ್ದದ್ದು ಮಾತ್ರ ಇವರಿಗೆ! ಮುಂದೆ ಸ್ಪೋರ್ಟಿಂಗ್, ಬೆನ್‌ಫಿಕಾ ಎರಡಕ್ಕೂ ಕೋಚ್ ಆದರು. ಒಬ್ಬರನ್ನೊಬ್ಬರು ಕಂಡರೆ ಆಗದ ಆ ಮೂರೂ ಕ್ಲಬ್‌ಗಳು ಒಬ್ಬನಿಗೇ ಕೆಲಸ ಕೊಡುವುದು ಸಣ್ಣ ಮಾತಲ್ಲ.

ಅವರ ಆಟದ ರೀತಿ ಗಟ್ಟಿಯಾದದ್ದು ಗ್ರೀಸ್‌ನಲ್ಲಿ ಅನ್ನಿಸುತ್ತದೆ. 2010ರಿಂದ 2014ರವರೆಗೆ ಆ ದೇಶದ ತಂಡ ಅವರ ಕೈಯಲ್ಲಿತ್ತು. ಅಲ್ಲಿ ತಾರೆಯರಿರಲಿಲ್ಲ. ಮೊದಲು ಗೋಲು ಬಿಟ್ಟುಕೊಡಬೇಡಿ, ಆಮೇಲೆ ನೋಡೋಣ ಎಂಬಂತೆ ಆಡಿಸಿದರು. ಅಷ್ಟರಲ್ಲೇ 2012ರ ಯೂರೊ ಕ್ವಾರ್ಟರ್‌ಫೈನಲ್, 2014ರ ವಿಶ್ವಕಪ್‌ನಲ್ಲಿ ಹದಿನಾರರ ಘಟ್ಟ ಮುಟ್ಟಿಸಿದರು.

ಅದೇ ವರ್ಷ ಪೋರ್ಚುಗಲ್ ತನ್ನದೇ ನೆಲದಲ್ಲಿ ಅಲ್ಬೇನಿಯಾಗೆ ಸೋತು ಕೋಚ್ ಬದಲಿಸಿತು. ಸಾಂಟೋಸ್ ಬಂದರು. ಯೂರೊ ಅರ್ಹತಾ ಸುತ್ತಿನ ಉಳಿದ ಏಳೂ ಪಂದ್ಯ ಗೆದ್ದರು. ಏಳರಲ್ಲೂ ಗೆಲುವಿನ ಅಂತರ ಒಂದೇ ಗೋಲು!

ಇನ್ನು 2016. ಅದೃಷ್ಟ ಇತ್ತು, ಖಂಡಿತ ಇತ್ತು. ಗುಂಪಿನ ಮೂರೂ ಪಂದ್ಯ ಡ್ರಾ, ಸಿಕ್ಕಿದ್ದು ಮೂರನೇ ಸ್ಥಾನ. ಅದೇ ಸಲ ಯೂರೊ 24 ತಂಡಗಳಿಗೆ ಹಿಗ್ಗಿದ್ದರಿಂದ ಮುಂದಿನ ಸುತ್ತಿಗೆ ಹೋದರು. ಕ್ರೊಯೇಷಿಯಾ ವಿರುದ್ಧ 117ನೇ ನಿಮಿಷದವರೆಗೆ ಗೋಲಿನ ಚೌಕಟ್ಟಿಗೆ ಒಂದು ಹೊಡೆತವೂ ಹೋಗಲಿಲ್ಲ. ಹೋದ ಮೊದಲನೆಯದನ್ನು ಗೋಲ್‌ಕೀಪರ್ ತಡೆದ, ಪುಟಿದು ಬಂದ ಚೆಂಡನ್ನು ಕ್ವಾರೆಸ್ಮಾ ಒಳಗೆ ತಳ್ಳಿದ. ಇಡೀ ಟೂರ್ನಿಯಲ್ಲಿ 90 ನಿಮಿಷದೊಳಗೆ ಗೆದ್ದಿದ್ದು ವೇಲ್ಸ್ ವಿರುದ್ಧದ ಸೆಮಿಫೈನಲ್ ಒಂದೇ.

ಆದರೆ ಫೈನಲ್ ನೋಡಿ. ಪ್ಯಾರಿಸ್ ಹೊರವಲಯದಲ್ಲಿ ಫ್ರಾನ್ಸ್ ಎದುರು. 25ನೇ ನಿಮಿಷಕ್ಕೇ ಮೊಣಕಾಲಿನ ಏಟಿನಿಂದ ರೊನಾಲ್ಡೊ ಅಳುತ್ತಾ ಹೊರಗೆ ಹೋದ. 79ನೇ ನಿಮಿಷಕ್ಕೆ ಸಾಂಟೋಸ್ ಇಳಿಸಿದ್ದು ಎಡರ್‌ನನ್ನು. ಆ ಟೂರ್ನಿಯಲ್ಲಿ ಅಲ್ಲಿಯವರೆಗೆ ಬರೀ ಕೆಲವು ನಿಮಿಷ ಆಡಿದ್ದವನು. ಅಭಿಮಾನಿಗಳೇ ಗೇಲಿ ಮಾಡುತ್ತಿದ್ದ ಆಟಗಾರ. ತೆಗೆದಿದ್ದು ಮಿಡ್‌ಫೀಲ್ಡರ್ ರೆನಾಟೊ ಸಾಂಚೆಸ್‌ನನ್ನು. ಡ್ರಾಗೆ ಕಾದು ಕೂರುವವರು ಹೀಗೆ ಮಾಡುತ್ತಾರಾ? 109ನೇ ನಿಮಿಷಕ್ಕೆ ಎಡರ್ ದೂರದಿಂದಲೇ ಬಲಗಾಲಲ್ಲಿ ಹೊಡೆದ ಚೆಂಡು ನೆಲಕ್ಕೆ ತಾಗಿಕೊಂಡೇ ಬಲೆ ಸೇರಿತು. ಪಟ್ಟಿ ಕಟ್ಟಿದ ಕಾಲಲ್ಲೇ ರೊನಾಲ್ಡೊ ಕೋಚ್ ಪಕ್ಕ ನಿಂತು ಕೂಗಾಡುತ್ತಿದ್ದ. ಪೋರ್ಚುಗಲ್‌ಗೆ ಅದು ಮೊದಲ ದೊಡ್ಡ ಕಪ್. 2019ರಲ್ಲಿ ಯೂರೋಪಿನ ದೇಶಗಳ ಇನ್ನೊಂದು ಟೂರ್ನಿ ನೇಷನ್ಸ್ ಲೀಗ್ ಕೂಡ ಬಂತು.

ನೀವು ನಿಜವಾಗಿ ಕೋಪಿಸಿಕೊಳ್ಳಬೇಕಾದ ಪಂದ್ಯ ಬೇರೆ ಇದೆ. 2021ರ ನವೆಂಬರ್, ಲಿಸ್ಬನ್, ಸರ್ಬಿಯಾ ವಿರುದ್ಧ ವಿಶ್ವಕಪ್ ಅರ್ಹತಾ ಪಂದ್ಯ. ನೇರವಾಗಿ ಅರ್ಹತೆ ಪಡೆಯೋಕೆ ಡ್ರಾ ಸಾಕಿತ್ತು. ಎರಡನೇ ನಿಮಿಷಕ್ಕೇ ಗೋಲು ಹೊಡೆದು ಆಮೇಲೆ ಸುಮ್ನೆ ಹಿಂದೆ ಸರಿದು ಕೂತರು. 90ನೇ ನಿಮಿಷಕ್ಕೆ ಮಿತ್ರೊವಿಚ್ ಹೆಡರ್‌ನಲ್ಲಿ 2-1 ಸೋಲು. ಬೆರ್ನಾರ್ಡೊ ಸಿಲ್ವಾ, ಬ್ರೂನೊ ಫೆರ್ನಾಂಡಿಸ್‌ರಂಥ ತಾರೆಯರು ಕೈಯಲ್ಲಿದ್ದಾಗಲೂ ಗ್ರೀಸ್ ತಂಡದ ಹಾಗೆ ಆಡಿಸಿದ್ದು ಅವರ ದೊಡ್ಡ ಕೊರತೆ. ಈ ಬಗ್ಗೆ ನೀವು ಬರೆದಿದ್ದರೆ ಪತ್ರಕ್ಕೆ ನಾನೂ ಸಹಿ ಹಾಕುತ್ತಿದ್ದೆ.

ಕತಾರ್ ನಂತರ ಪೋರ್ಚುಗಲ್ ಅವರನ್ನು ಬಿಟ್ಟಿತು. 2023ರಲ್ಲಿ ಪೋಲೆಂಡ್ ಕೋಚ್ ಆದರು, ಆರೇ ಪಂದ್ಯ. ಆಮೇಲೆ ಟರ್ಕಿಯ ಬೆಷಿಕ್ತಾಷ್ ಕ್ಲಬ್, ಅಜರ್‌ಬೈಜಾನ್ ದೇಶದ ತಂಡ. ಯಾವುದೂ ಕೈಹಿಡಿಯಲಿಲ್ಲ. ಒಂದೇ ಗೋಲಿನ ಮುನ್ನಡೆಯನ್ನು ಕಾಯುವುದರಲ್ಲಿ ಪಳಗಿದ್ದವರ ಪೋಲೆಂಡ್ ತಂಡ, ಪುಟ್ಟ ಮಾಲ್ಡೊವಾ ವಿರುದ್ಧ ಮಧ್ಯಂತರಕ್ಕೆ 2-0 ಮುಂದಿದ್ದು 3-2ರಿಂದ ಸೋತಿತು.