ಅಮ್ಮನಿಗೆ ಮಾರ್ಫಿನ್ ಕೊಡಲು ಭಯ

ಪ್ರಶ್ನೆ: ಅಮ್ಮನಿಗೆ 61 ವರ್ಷ. ಸ್ತನ ಕ್ಯಾನ್ಸರ್ ಬೆನ್ನುಮೂಳೆಗೆ ಹಬ್ಬಿದೆ. ಮಾರ್ಫಿನ್ 10 ಮಿ.ಗ್ರಾಂ. ಮಾತ್ರೆ ನಾಲ್ಕು ಗಂಟೆಗೊಂದು ಕೊಡಿ ಅಂದಿದ್ದಾರೆ. ಇದು ಅಫೀಮು, ಚಟ ಹಿಡಿಯುತ್ತೆ, ಸಾಯೋರಿಗೆ ಕೊಡೋದು ಅಂತ ಚಿಕ್ಕಪ್ಪ ಹೆದರಿಸಿದ್ದಾರೆ. ಅದಕ್ಕೇ ಅಮ್ಮ ತೀರಾ ನರಳಿದಾಗ ಮಾತ್ರ ಅರ್ಧ ಮಾತ್ರೆ ಕೊಡುತ್ತೇನೆ. ಸರೀನಾ?
— ಹೆಸರು ಬೇಡ, ತಿಪಟೂರು

ಉತ್ತರ: ಸರಿಯಲ್ಲಮ್ಮ. ಅಫೀಮು ಅನ್ನೋದು ಅರ್ಧ ನಿಜ. ನಾವು ಪಾಯಸ ಮಾಡುವ ಗಸಗಸೆ ಇದೆಯಲ್ಲ, ಅದೇ ಗಿಡದ ಹಸಿ ಕಾಯಿ ಗೀರಿದರೆ ಒಸರುವ ಹಾಲಿನಿಂದ ಬರುವ ಔಷಧ ಇದು. ಆದರೆ ಚಟಕ್ಕೆ ತಗೊಳ್ಳೋದು ಬೇರೆ, ಮೂಳೆ ನೋವಿಗೆ ಡಾಕ್ಟರು ಅಳೆದು ಕೊಡೋದು ಬೇರೆ. ಕೊನೆಗಾಲಕ್ಕೆ ಮಾತ್ರ ಅನ್ನೋದಂತೂ ಸುಳ್ಳು, ತಿಂಗಳುಗಟ್ಟಲೆ ತಗೊಂಡು ಮನೆಯಲ್ಲಿ ಓಡಾಡಿಕೊಂಡಿರುವವರು ಎಷ್ಟೋ ಜನ ಇದ್ದಾರೆ.

ಈ ಮಾತ್ರೆಯ ಕೆಲಸ ಸುಮಾರು ನಾಲ್ಕು ಗಂಟೆ. ನೋವು ಏರಿ ಕೂತ ಮೇಲೆ ಅರ್ಧ ಚೂರು ಕೊಟ್ಟರೆ ಅದು ಇಳಿಯಲ್ಲ, ಅಮ್ಮ ಸುಮ್ನೆ ನರಳುತ್ತಾರೆ. ನೋವು ನೋಡಿ ಅಲ್ಲ, ಗಡಿಯಾರ ನೋಡಿ ಕೊಡಬೇಕು. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ನಡುರಾತ್ರಿಯ ಡೋಸ್ ತಪ್ಪಿಸಲು ಮಲಗುವಾಗ ಎರಡು ಕೊಡುವ ರೂಢಿ ಇದೆ, ಆದರೆ ಡಾಕ್ಟರನ್ನು ಕೇಳದೆ ಹಾಗೆ ಮಾಡಬೇಡಿ.

ಮೊದಲ ಕೆಲವು ದಿನ ಮಂಪರು, ವಾಕರಿಕೆ ಇರಬಹುದು, ಸಾಮಾನ್ಯವಾಗಿ ಕಡಿಮೆಯಾಗುತ್ತೆ. ಕಡಿಮೆಯಾಗದೇ ಇರೋದು ಮಲಬದ್ಧತೆ. ಯಾರೂ ಬಾಯಿಬಿಟ್ಟು ಹೇಳಲ್ಲ, ಆದರೆ ಮಾರ್ಫಿನ್ ಬಿಡಿಸೋದು ಎಷ್ಟೋ ಸಲ ಇದೇ. ಕರುಳಿನ ಓಟವೇ ನಿಧಾನವಾಗುವುದರಿಂದ ಇಸಬ್‌ಗೋಲ್ ಇಲ್ಲಿ ಸಾಲದು, ನೀರು ಕಡಿಮೆ ಕುಡಿದರಂತೂ ಇನ್ನೂ ಗಟ್ಟಿಯಾಗುತ್ತೆ. ಬಿಸಾಕೊಡಿಲ್‌ನಂಥ ಮಾತ್ರೆ ಮೊದಲ ದಿನದಿಂದಲೇ ಬೇಕು. ಚೀಟಿಯಲ್ಲಿ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಹೆದರಬೇಕಾದ್ದೂ ಇದೆ. ಅಲುಗಾಡಿಸಿದರೂ ಏಳುತ್ತಿಲ್ಲ, ಉಸಿರು ತೀರಾ ನಿಧಾನ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಅಂದರೆ ತಕ್ಷಣ 108ಕ್ಕೆ ಫೋನ್ ಮಾಡಿ, ಇದಕ್ಕೆ ನಲೋಕ್ಸೋನ್ ಇಂಜೆಕ್ಷನ್ ಇದೆ. ಮೂತ್ರ ಕಡಿಮೆಯಾದರೂ ತಿಳಿಸಿ, ಕಿಡ್ನಿ ಸೋತರೆ ಔಷಧ ಮೈಯಲ್ಲೇ ಉಳಿಯುತ್ತೆ. ಡಾಕ್ಟರಿಗೆ ಹೇಳದೆ ಜೊತೆಗೆ ನಿದ್ದೆ ಮಾತ್ರೆ ಬೇಡವೇ ಬೇಡ. ಮಂಡಿ ನೋವು ಅಂತ ಅಜ್ಜಿಗೂ ಒಂದು ಕೊಡೋಣ ಅನ್ನುವ ಧಾರಾಳವೂ ಬೇಡ. ಬೀರುವಿನಲ್ಲಿಟ್ಟು ಬೀಗ ಹಾಕಿ. ದಿನಾ ತಗೊಳ್ಳುವಾಗ ಒಮ್ಮೆಲೇ ನಿಲ್ಲಿಸಿದರೆ ಬೆವರು, ಭೇದಿ, ಮೈಕೈ ನೋವು ಬರುತ್ತೆ. ಅದು ಚಟವಲ್ಲ, ಮೈ ಒಗ್ಗಿದ್ದು. ನಿಲ್ಲಿಸುವಾಗ ನಿಧಾನಕ್ಕೆ ಇಳಿಸುತ್ತಾರೆ.

ಇವತ್ತೇ ಆಸ್ಪತ್ರೆಗೆ ಫೋನ್ ಮಾಡಿ, ಇಷ್ಟು ದಿನ ಅರ್ಧರ್ಧ ಕೊಟ್ಟಿದ್ದನ್ನು ಮುಚ್ಚಿಡದೆ ಹೇಳಿ, ಮುಂದೆ ಹೇಗೆ ಕೊಡಬೇಕು ಅಂತ ಕೇಳಿ. ಹೇಳದೆ ಹೋದರೆ 10 ಮಿ.ಗ್ರಾಂ. ಸಾಲುತ್ತಿಲ್ಲ ಅಂದುಕೊಂಡು ಅವರು ಡೋಸ್ ಏರಿಸಿಬಿಡಬಹುದು ಅಲ್ವಾ. ಹೋಗುವಾಗ ಉಳಿದ ಸ್ಟ್ರಿಪ್‌ಗಳನ್ನೂ ತಗೊಂಡು ಹೋಗಿ.